ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ



ಮನಸ್ಸಿನ ಕಾಯಿಲೆಗಳನ್ನು ಕುರಿತು ನಾವು ನಡೆಸಿದ ನೇರ ಫೋನ್-ಇನ್ ಕಾರ್ಯಕ್ರಮದ ಕೊನೆಯ ಕರೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕರೆ ಮಾಡಿದವರು ಒಬ್ಬ ತಾಯಿ. "ಮಗನನ್ನ ನಿನ್ನೆ ಆಸ್ಪತ್ರೆಯಿಂದ ಕರಕೊಂಡು ಬಂದ್ವಿ ಡಾಕ್ಟ್ರೇ. ಮಾತ್ರೆ ಯಾವಾಗ ಕೊಡಬೇಕು ಅಂತ ಚೀಟೀಲಿ ಬರೆದಿದಾರೆ. ಅವನ ಹತ್ರ ಏನು ಮಾತಾಡಬೇಕು ಅಂತ ಯಾರೂ ಹೇಳಲಿಲ್ಲ" ಎಂದರು. ಮಾತ್ರೆ ತಪ್ಪಿಸಬೇಡಿ, ಮುಂದಿನ ತಪಾಸಣೆಗೆ ಮರೆಯದೆ ಹೋಗಿ ಎಂದು ವೈದ್ಯರು ಹೇಳುವಷ್ಟರಲ್ಲಿ ನಿಯಂತ್ರಣ ಕೊಠಡಿಯ ಗಡಿಯಾರದಲ್ಲಿ ಉಳಿದಿದ್ದುದು ನಲವತ್ತು ಸೆಕೆಂಡು. ಮುಗಿಸಿ ಎಂದು ನಿರೂಪಕಿಯ ಕಿವಿಗೆ ಹೇಳಿದವನು ನಾನೇ. ಶೀರ್ಷಿಕೆ ಸಂಗೀತ ಬಂತು, ಕರೆ ನಿಂತುಹೋಯಿತು. ಆಕೆ ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಅಂದು ಪರದೆಯ ಮೇಲೆ ಹೇಳಲಾಗದ್ದನ್ನು ಈ ಪುಟಗಳಲ್ಲಿ ಹೇಳಲು ಪ್ರಯತ್ನಿಸುತ್ತೇನೆ. ನಾನು ವೈದ್ಯನಲ್ಲ, ಬಿ.ಎಸ್‌ಸಿ. ಓದಿ ಕ್ಯಾಮೆರಾದ ಹಿಂದೆ ಬಂದು ನಿಂತವನು. ಹಾಗಾಗಿ ಔಷಧದ ಸಲಹೆ ನನ್ನದಲ್ಲ. ಯಾರು ಯಾವುದನ್ನು ಪರೀಕ್ಷಿಸಿ ನೋಡಿದ್ದಾರೆ, ಅದರಿಂದ ಏನು ತಿಳಿಯಿತು ಎಂಬುದಷ್ಟೇ ನನ್ನ ಕೆಲಸ.

ಮೊದಲು ಒಂದು ತಪ್ಪು ಗ್ರಹಿಕೆ. ಡಿಸ್ಚಾರ್ಜ್ ಎಂದರೆ ಗುಣವಾಯಿತು ಎಂದು ನಾವೆಲ್ಲ ತಿಳಿಯುತ್ತೇವೆ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ಮಟ್ಟಿಗೆ ಇದು ಬಹುಪಾಲು ಸರಿ. ಆದರೆ ತೀವ್ರ ಖಿನ್ನತೆ, ಸ್ಕಿಜೋಫ್ರೇನಿಯಾ, ಉನ್ಮಾದ ಮತ್ತು ಖಿನ್ನತೆಗಳೆರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆ, ಇಂಥವುಗಳಲ್ಲಿ ಡಿಸ್ಚಾರ್ಜ್ ಎಂದರೆ ವಾರ್ಡಿನಲ್ಲೇ ಇರಬೇಕಾದ ಹಂತ ಮುಗಿಯಿತು ಎಂದಷ್ಟೇ ಅರ್ಥ. ವಾರ್ಡಿನಲ್ಲಿ ಊಟಕ್ಕೆ ಹೊತ್ತಿದೆ, ಮಾತ್ರೆ ಕೊಡಲು ನರ್ಸ್ ಇದ್ದಾರೆ, ಪಕ್ಕದ ಮಂಚದಲ್ಲಿ ತನ್ನಂಥವನೇ ಒಬ್ಬನಿದ್ದಾನೆ. ಮನೆಗೆ ಬಂದ ದಿನ ಇದೆಲ್ಲವೂ ಒಟ್ಟಿಗೇ ಇಲ್ಲವಾಗುತ್ತದೆ. ಬಿಟ್ಟು ಬಂದ ಕಾಲೇಜು, ಉಳಿದುಹೋದ ಪರೀಕ್ಷೆ, ನೆರೆಯವರ ಕಣ್ಣು, ಎಲ್ಲವೂ ಅಂದೇ ಎದುರಾಗುತ್ತವೆ.

ಈ ಅವಧಿ ಎಷ್ಟು ನಾಜೂಕು ಎಂಬುದು ಈಗ ಅಂಕಿ-ಅಂಶಗಳಿಂದ ಗೊತ್ತಾಗಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಮನೋರೋಗ ವಿಭಾಗದಿಂದ ಬಿಡುಗಡೆಯಾದವರಲ್ಲಿ ಆತ್ಮಹತ್ಯೆಯ ಅಪಾಯ ಅತ್ಯಧಿಕವಾಗಿರುವುದು ಮೊದಲ ಮೂರು ತಿಂಗಳಲ್ಲಿ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯು ಮೊದಲು ಬಿಡುಗಡೆಯಾದ ಏಳು ದಿನಗಳೊಳಗೆ ರೋಗಿಯನ್ನು ಮತ್ತೆ ಕಾಣಬೇಕೆಂದು ಹೇಳುತ್ತಿತ್ತು. 2020ರಿಂದ ಅದನ್ನು 72 ಗಂಟೆಗಳಿಗೆ ಇಳಿಸಿದೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಬಿಡುಗಡೆಯಾದ ಅನೇಕರು ಚೇತರಿಸಿಕೊಂಡು ತಮ್ಮ ಕೆಲಸಕ್ಕೆ ಮರಳುತ್ತಾರೆ. ಆದರೆ ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿನಲ್ಲೇ ಆಸರೆ ಹೆಚ್ಚು ಬೇಕು ಎಂಬುದು ತಿಳಿದಿರಲಿ.

ಮಾತ್ರೆಗಳ ವಿಷಯದಲ್ಲಿ ಒಂದು ವಿಚಿತ್ರವಿದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಿಟ್ಟರೆ ದೇಹ ಬೇಗನೆ ಎಚ್ಚರಿಸುತ್ತದೆ. ಸ್ಕಿಜೋಫ್ರೇನಿಯಾದ ಮಾತ್ರೆ ಬಿಟ್ಟರೆ ಮರುದಿನ ಏನೂ ಆಗದಿರಬಹುದು, ಮರುವಾರವೂ ಆಗದಿರಬಹುದು. ಮಂಪರು, ಒಣಗುವ ಬಾಯಿ, ನಡುಗುವ ಕೈ ಇವೆಲ್ಲ ಕಡಿಮೆಯಾಗಿ ಹಾಯೆನಿಸುವುದೂ ಉಂಟು. "ನೋಡಿ, ಮಾತ್ರೆ ಇಲ್ಲದೆಯೇ ಚೆನ್ನಾಗಿದ್ದೇನೆ" ಎಂದು ರೋಗಿಗೆ ಅನ್ನಿಸುವುದು ಸಹಜ, ಮನೆಯವರಿಗೂ ಹಾಗೆಯೇ ಅನ್ನಿಸುತ್ತದೆ. ಕಾಯಿಲೆ ಮರಳುವುದು ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಕಾರಣ ಮತ್ತು ಪರಿಣಾಮಗಳ ನಡುವೆ ಇಷ್ಟು ಅಂತರವಿದ್ದರೆ ಎರಡಕ್ಕೂ ಸಂಬಂಧವಿದೆಯೆಂದು ಹೊಳೆಯುವುದಾದರೂ ಹೇಗೆ? 65 ಪ್ರಯೋಗಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2012ರಲ್ಲಿ ಪ್ರಕಟವಾಯಿತು. ಔಷಧ ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಶೇಕಡ 27ರಷ್ಟು ಮಂದಿಗೆ, ಔಷಧದ ಬದಲು ಬರೀ ಸಪ್ಪೆ ಮಾತ್ರೆ ಪಡೆದವರಲ್ಲಿ ಶೇಕಡ 64ರಷ್ಟು ಮಂದಿಗೆ.

ಹಾಗಾದರೆ "ಮಾತ್ರೆ ತಗೊಂಡ್ಯಾ?" ಎಂದು ದಿನಕ್ಕೆ ಮೂರು ಸಲ ಕೇಳಿದರಾಯಿತಲ್ಲ ಎನ್ನಬಹುದು. ಕೇಳಲೇಬೇಕು, ಆದರೆ ಮನೆಯ ಮಾತೆಲ್ಲ ಅಷ್ಟೇ ಆಗಿಬಿಟ್ಟರೆ? ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ 1950ರ ದಶಕದಲ್ಲಿ ಲಂಡನ್ನಿನಲ್ಲಿ ಒಂದು ಅನಿರೀಕ್ಷಿತ ಸಂಗತಿಯನ್ನು ಗಮನಿಸಿದರು. ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾಗಿ ತಂದೆತಾಯಿಯ ಅಥವಾ ಹೆಂಡತಿಯ ಜೊತೆಗಿದ್ದ ಗಂಡಸರಿಗಿಂತ ಬಾಡಿಗೆ ಕೋಣೆಯಲ್ಲಿಯೋ ಒಡಹುಟ್ಟಿದವರ ಜೊತೆಯಲ್ಲಿಯೋ ಇದ್ದವರು ಮೇಲಾಗಿದ್ದರು. ಕಾರಣ ಹುಡುಕುತ್ತಾ ಹೋದಾಗ ಅವರಿಗೆ ಮತ್ತು ಅವರ ಸಂಗಡಿಗರಿಗೆ ಸಿಕ್ಕಿದ್ದು ಮನೆಯೊಳಗಿನ ಮಾತಿನ ಧಾಟಿ. ಸದಾ ಟೀಕೆ, ಸಿಡುಕು ಅಥವಾ ಅತಿಯಾದ ಕಾಳಜಿ ಇದ್ದ ಮನೆಗಳಲ್ಲಿ ಕಾಯಿಲೆ ಹೆಚ್ಚು ಮರುಕಳಿಸುತ್ತಿತ್ತು. ನಮ್ಮ ದೇಶದಲ್ಲಿ ಚಂಡೀಗಢದ ಮನೆಗಳನ್ನು ಲಂಡನ್ನಿನ ಮನೆಗಳೊಡನೆ ಹೋಲಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಚುಚ್ಚುಮಾತು ನಮ್ಮಲ್ಲೇ ಕಡಿಮೆ ಕಂಡಿತು. ಸಂತೋಷದ ಸುದ್ದಿಯೇ. ಆದರೂ ನಮ್ಮ ಮನೆಗಳಲ್ಲಿ ಕಾಳಜಿ ಎಷ್ಟು ಬೇಗ ಪಹರೆಯಾಗುತ್ತದೆಂಬುದು ನಿಮಗೇ ಗೊತ್ತಿದೆ. ಒಂದು ಕ್ಲಾಸ್ ಟೆಸ್ಟಿನಲ್ಲಿ ಕಡಿಮೆ ಅಂಕ ಬಂದ ವಾರವನ್ನು ನೆನಪಿಸಿಕೊಳ್ಳಿ!

ಹಾಗೆಂದು ಮನೆಯವರನ್ನು ದೂರುವುದಲ್ಲ. ಗಾಬರಿಗೊಂಡವರು, ನಿದ್ದೆಗೆಟ್ಟವರು, ದುಡ್ಡು ಖರ್ಚಾದವರು ಅವರು. ಇಷ್ಟನ್ನು ಮಾತ್ರ ಗಮನಿಸಿ: ಆಸ್ಪತ್ರೆಯಿಂದ ಬಂದವನ ಸುತ್ತ ಇರುವ ಮಾತುಗಳಲ್ಲಿ ಹೆಚ್ಚಿನವು ಅವನಿಂದ ಏನನ್ನೋ ಕೇಳುವ ಮಾತುಗಳು. ಊಟ ಮಾಡು, ಎದ್ದೇಳು, ಹೇಗಿದ್ದೀ ಹೇಳು. ಏನನ್ನೂ ಕೇಳದ ಮಾತೊಂದು ಅವನಿಗೆ ತಲುಪಿದರೆ ಏನಾಗುತ್ತದೆ? ಇದನ್ನೇ ಪರೀಕ್ಷೆಗೆ ಒಡ್ಡಿದ ಒಬ್ಬ ವೈದ್ಯರಿದ್ದರು.

ಅವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮನೋವೈದ್ಯ ಜೆರೋಮ್ ಮೋಟೊ. ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿ ದೂರದಲ್ಲಿದ್ದಾಗ ಪರಿಚಯದ ಹುಡುಗಿಯೊಬ್ಬಳಿಂದ ಅವರಿಗೆ ಕಾಗದಗಳು ಬರುತ್ತಿದ್ದವು. ಅವುಗಳಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ, ಅವರಿಂದ ಏನನ್ನೂ ಬಯಸುತ್ತಲೂ ಇರಲಿಲ್ಲ. ಆದರೂ ಅವು ತಮ್ಮನ್ನು ಹಿಡಿದು ನಿಲ್ಲಿಸಿದವು ಎಂಬುದನ್ನು ಅವರು ಮರೆಯಲಿಲ್ಲ. 1969ರಲ್ಲಿ ಆರಂಭವಾದ ಅವರ ಅಧ್ಯಯನದಲ್ಲಿ ಖಿನ್ನತೆಯಿಂದಲೋ ಆತ್ಮಹತ್ಯೆಯ ಯೋಚನೆಯಿಂದಲೋ ಆಸ್ಪತ್ರೆ ಸೇರಿದ್ದ 3005 ಜನರಿದ್ದರು. ಬಿಡುಗಡೆಯಾಗಿ ಒಂದು ತಿಂಗಳಾದ ಮೇಲೆ ವಿಚಾರಿಸಿದಾಗ ಅವರಲ್ಲಿ 843 ಮಂದಿ ಮುಂದಿನ ಚಿಕಿತ್ಸೆಯನ್ನು ಬಿಟ್ಟಿದ್ದರು. ಎಲ್ಲ ವೈದ್ಯರಿಗೂ ತಲೆನೋವಾಗುವವರು ಇವರೇ. ಮೋಟೊ ಆರಿಸಿಕೊಂಡದ್ದೂ ಇವರನ್ನೇ.

ಈ 843 ಮಂದಿಯನ್ನು ಲಾಟರಿ ಎತ್ತುವಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಏನೂ ಕಳುಹಿಸಲಿಲ್ಲ. ಇನ್ನೊಂದು ಗುಂಪಿನವರಿಗೆ ಆಸ್ಪತ್ರೆಯಲ್ಲಿ ಅವರನ್ನು ಮಾತನಾಡಿಸಿದ್ದ ಸಿಬ್ಬಂದಿಯೇ ಸಣ್ಣ ಪತ್ರ ಬರೆದರು. ನೀವು ಇಲ್ಲಿಂದ ಹೋಗಿ ಕೆಲವು ಕಾಲವಾಯಿತು, ಚೆನ್ನಾಗಿದ್ದೀರೆಂದು ನಂಬಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟೇ ಅದರ ಸಾರ. ಚಿಕಿತ್ಸೆಗೆ ಬನ್ನಿ ಎಂಬ ಒತ್ತಾಯವಿಲ್ಲ, ತುಂಬಿ ಕಳುಹಿಸಬೇಕಾದ ಫಾರಂ ಇಲ್ಲ. ಪ್ರತಿ ಸಲವೂ ಒಕ್ಕಣೆ ಬೇರೆ. ಮೊದಲ ನಾಲ್ಕು ತಿಂಗಳು ತಿಂಗಳಿಗೊಂದು, ಮುಂದಿನ ಎಂಟು ತಿಂಗಳು ಎರಡು ತಿಂಗಳಿಗೊಂದು, ಆಮೇಲೆ ನಾಲ್ಕು ವರ್ಷ ಮೂರು ತಿಂಗಳಿಗೊಂದು. ಒಟ್ಟು 24 ಪತ್ರ. ಪೂರ್ಣ ಫಲಿತಾಂಶ ಪ್ರಕಟವಾದದ್ದು 2001ರಲ್ಲಿ. ಮೊದಲ ಎರಡು ವರ್ಷಗಳಲ್ಲಿ ಪತ್ರ ಪಡೆದ ಗುಂಪಿನಲ್ಲಿ ಆತ್ಮಹತ್ಯೆಯ ಪ್ರಮಾಣ ಇನ್ನೊಂದು ಗುಂಪಿನದರ ಸುಮಾರು ಅರ್ಧದಷ್ಟಿತ್ತು. ವರ್ಷಗಳು ಕಳೆದಂತೆ, ಪತ್ರಗಳು ವಿರಳವಾದಂತೆ, ಆ ಅಂತರವೂ ಕಿರಿದಾಯಿತು.

ಲಾಟರಿ ಏಕೆ ಎಂದು ವಿಜ್ಞಾನದ ವಿದ್ಯಾರ್ಥಿಗಳು ಕೇಳಬೇಕು. "ಪತ್ರ ಬೇಕೇ?" ಎಂದು ವಿಚಾರಿಸಿ, ಬೇಕೆಂದವರಿಗಷ್ಟೇ ಕಳುಹಿಸಿದ್ದರೆ, ಬೇಕೆನ್ನುವ ಮನಸ್ಸುಳ್ಳವರು ಮೊದಲೇ ಸ್ವಲ್ಪ ಮೇಲಾಗಿದ್ದವರು ಎಂಬ ಆಕ್ಷೇಪ ಬರುತ್ತಿತ್ತು. ಲಾಟರಿಯಲ್ಲಿ ಬಡವ ಬಲ್ಲಿದ, ಒಂಟಿ ಸಂಸಾರಿ ಎಲ್ಲರೂ ಎರಡೂ ಕಡೆ ಸರಿಸುಮಾರು ಹಂಚಿಹೋಗುತ್ತಾರೆ. ಉಳಿಯುವ ವ್ಯತ್ಯಾಸ ಪತ್ರವೊಂದೇ.

ಮುಂದೆ ಬೇರೆಯವರೂ ಇದನ್ನು ಪ್ರಯತ್ನಿಸಿದರು. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ನಗರದಲ್ಲಿ ವಿಷ ಸೇವಿಸಿ ಆಸ್ಪತ್ರೆಗೆ ಬಂದಿದ್ದ 772 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ವರ್ಷದಲ್ಲಿ ಎಂಟು ಪೋಸ್ಟ್ ಕಾರ್ಡ್ ಕಳುಹಿಸಲಾಯಿತು. ಕಾರ್ಡನ್ನು ಲಕೋಟೆಯಲ್ಲಿಟ್ಟು ಕಳುಹಿಸಿದರು, ಮನೆಗೆ ತಲುಪುವ ಮೊದಲೇ ಬೇರೆಯವರು ಓದಬಾರದಲ್ಲ! 2005ರಲ್ಲಿ ಪ್ರಕಟವಾದ ಫಲಿತಾಂಶ ಸ್ವಲ್ಪ ತಿರುವಿನದು. ಮತ್ತೆ ಅದೇ ಸ್ಥಿತಿಯಲ್ಲಿ ಬಂದ ಜನರ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಒಟ್ಟು ಘಟನೆಗಳು ಕಾರ್ಡ್ ಇಲ್ಲದ ಗುಂಪಿನಲ್ಲಿ 192, ಕಾರ್ಡ್ ಪಡೆದ ಗುಂಪಿನಲ್ಲಿ 101. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಇದೇ ಬಗೆಯ ಪ್ರಯೋಗ ಮಾಡಿದಾಗ, ಮೊದಲೇ ಇದ್ದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಪ್ರಯೋಜನ ಕಾಣಲಿಲ್ಲ. ಪತ್ರವೇನೂ ಸಂಜೀವಿನಿಯಲ್ಲ. ಖರ್ಚಿಲ್ಲದ, ಹಾನಿಯಿಲ್ಲದ, ಕೆಲವರನ್ನು ಹಿಡಿದು ನಿಲ್ಲಿಸಬಲ್ಲ ಒಂದು ಎಳೆ, ಅಷ್ಟೇ.

ಕಾಗದದ ಕಾಲ ಹೋಗಿ ಮೊಬೈಲ್ ಬಂದ ಮೇಲೆ ಈ ಎಳೆ ಮೆಸೇಜಾಯಿತು. ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ 2016ರಿಂದ ಹೆಸರು ನೋಂದಾಯಿಸಿದವರಿಗೆ ದಿನಕ್ಕೊಂದು ಧೈರ್ಯದ ಎಸ್‌ಎಂಎಸ್ ಕಳುಹಿಸುವ ವ್ಯವಸ್ಥೆ ಶುರುವಾಯಿತು. 2020ರ ಮಾರ್ಚ್‌ನಲ್ಲಿ, ಕೋವಿಡ್ ಹರಡಿದಾಗ, ಅದೇ ಮಾದರಿಯ ಇನ್ನೊಂದು ಸೇವೆಯೂ ಬಂತು. ಇವು ಕಂಪ್ಯೂಟರ್ ಕಳುಹಿಸುವ ಸಂದೇಶಗಳು, ಎಲ್ಲರಿಗೂ ಒಂದೇ. ಅಮೆರಿಕದ ಸೇನೆಯಲ್ಲಿ ಇನ್ನೊಂದು ಬಗೆಯದನ್ನು ಪರೀಕ್ಷಿಸಿದರು. ಆತ್ಮಹತ್ಯೆಯ ಯೋಚನೆಯಿದ್ದ 600ಕ್ಕೂ ಹೆಚ್ಚು ಸೈನಿಕರಲ್ಲಿ ಒಂದು ಗುಂಪಿಗೆ ಮಾಮೂಲು ಚಿಕಿತ್ಸೆಯ ಜೊತೆಗೆ ವರ್ಷದಲ್ಲಿ 11 ಆತ್ಮೀಯ ಮೆಸೇಜುಗಳು ಹೋದವು. 2019ರಲ್ಲಿ ಪ್ರಕಟವಾದ ಫಲಿತಾಂಶವನ್ನು ಎಚ್ಚರದಿಂದ ಓದಬೇಕು. ಮುಖ್ಯವೆಂದು ಮೊದಲೇ ಗೊತ್ತುಮಾಡಿಕೊಂಡಿದ್ದ ಎರಡು ಅಳತೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ವರ್ಷದಲ್ಲಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ಮೆಸೇಜು ಪಡೆದವರಲ್ಲಿ ಶೇಕಡ 9, ಪಡೆಯದವರಲ್ಲಿ ಶೇಕಡ 15.

ಇನ್ನು ಮೆಸೇಜಿಗಿಂತ ಒಂದು ಹೆಜ್ಜೆ ಹತ್ತಿರ ಬರುವವರ ವಿಷಯ. ಕಾಯಿಲೆಯನ್ನು ಸ್ವತಃ ಅನುಭವಿಸಿ, ಚೇತರಿಸಿಕೊಂಡು, ತರಬೇತಿ ಪಡೆದು ಇನ್ನೊಬ್ಬರಿಗೆ ಜೊತೆಯಾಗುವವರನ್ನು ಪೀರ್ ಸಪೋರ್ಟ್ ವರ್ಕರ್ ಎನ್ನುತ್ತಾರೆ. ನಾನು ಇಲ್ಲಿ ಅನುಭವಿ ಸಂಗಾತಿ ಎಂದು ಕರೆಯುತ್ತೇನೆ. ಈ ಕಲ್ಪನೆ ಹಳೆಯದು. ನ್ಯೂಯಾರ್ಕ್ ಪ್ರಾಂತದ ಒಂದು ಮಾನಸಿಕ ಆಸ್ಪತ್ರೆಯಿಂದ 1940ರ ದಶಕದಲ್ಲಿ ಹೊರಬಂದ ಕೆಲವರು "ನಾವು ಒಂಟಿಯಲ್ಲ" ಎಂಬ ಅರ್ಥದ ಹೆಸರಿಟ್ಟುಕೊಂಡು ಸೇರುತ್ತಿದ್ದರು. ಸೇರಲು ಜಾಗವಿಲ್ಲದೆ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮೆಟ್ಟಿಲುಗಳ ಮೇಲೆ ಕೂರುತ್ತಿದ್ದರಂತೆ. ಆ ಗುಂಪಿನಿಂದಲೇ 1948ರಲ್ಲಿ ಫೌಂಟನ್ ಹೌಸ್ ಎಂಬ ಹೆಸರಾಂತ ಕೇಂದ್ರ ಹುಟ್ಟಿತು.

ಅನುಭವಿ ಸಂಗಾತಿಯಿಂದ ಪ್ರಯೋಜನವಿದೆಯೇ ಎಂಬುದಕ್ಕೆ ನನಗೆ ಬಹಳ ಹಿಡಿಸಿದ ಪ್ರಯೋಗ ಇಂಗ್ಲೆಂಡಿನದು, ಪ್ರಕಟವಾದದ್ದು 2018ರಲ್ಲಿ. ಅಲ್ಲಿ ಮನೋರೋಗ ಉಲ್ಬಣಿಸಿದವರಿಗೆ ಮನೆಗೇ ಬಂದು ಚಿಕಿತ್ಸೆ ಕೊಡುವ ತಂಡಗಳಿವೆ. ಆ ತಂಡಗಳ ಆರೈಕೆ ಮುಗಿಸಿದ 441 ಜನರಿಗೆ ಒಂದು ಕೈಪಿಡಿ ಕೊಟ್ಟರು. ನನಗೆ ಮತ್ತೆ ಹದಗೆಡುತ್ತಿದೆ ಎಂಬುದರ ಮೊದಲ ಸೂಚನೆಗಳೇನು, ಆಗ ಯಾರಿಗೆ ಹೇಳಬೇಕು, ಮುಂದಿನ ತಿಂಗಳುಗಳಲ್ಲಿ ಏನು ಮಾಡಬೇಕೆಂದಿದ್ದೇನೆ ಎಂದು ರೋಗಿಯೇ ಬರೆದುಕೊಳ್ಳುವ ಪುಸ್ತಕ ಅದು. ಅರ್ಧ ಜನರಿಗೆ ಪುಸ್ತಕ ಅಂಚೆಯಲ್ಲಿ ಹೋಯಿತು. ಉಳಿದರ್ಧ ಜನರಿಗೆ ಪುಸ್ತಕದ ಜೊತೆಗೆ ಒಬ್ಬ ಅನುಭವಿ ಸಂಗಾತಿಯೂ ದೊರೆತರು, ಹೆಚ್ಚೆಂದರೆ ಹತ್ತು ಭೇಟಿ. ಒಂದು ವರ್ಷದಲ್ಲಿ ಮತ್ತೆ ತುರ್ತು ಚಿಕಿತ್ಸೆಗೆ ದಾಖಲಾದವರು ಬರೀ ಪುಸ್ತಕದವರಲ್ಲಿ ಶೇಕಡ 38, ಸಂಗಾತಿಯಿದ್ದವರಲ್ಲಿ ಶೇಕಡ 29. ಪುಸ್ತಕ ಎರಡೂ ಕಡೆ ಒಂದೇ. ಬೇರೆಯಾಗಿದ್ದುದು ಪಕ್ಕದಲ್ಲಿ ಕುಳಿತ ಮನುಷ್ಯ.

ಅವರು ಮಾಡುವುದೇನು? ವೈದ್ಯರ ಮುಂದೆ ಕೇಳಲು ಸಂಕೋಚವಾಗುವ ಪ್ರಶ್ನೆಗಳನ್ನು ಇವರ ಹತ್ತಿರ ಕೇಳಬಹುದು. ಮದುವೆ ಮನೆಯಲ್ಲಿ ಯಾರಾದರೂ ಎಲ್ಲಿದ್ದೆ ಇಷ್ಟು ದಿನ ಎಂದರೆ ಏನನ್ನಲಿ? ಮಾತ್ರೆಯಿಂದ ಬೆಳಗ್ಗೆ ಏಳಲಾಗುವುದಿಲ್ಲ, ಇದನ್ನು ಡಾಕ್ಟರಿಗೆ ಹೇಳಿದರೆ ಬೈಯುತ್ತಾರೆಯೇ? "ನನಗೂ ಹಾಗೇ ಆಗಿತ್ತು, ನಾನು ಹೇಳಿದೆ, ಮಾತ್ರೆಯ ಹೊತ್ತು ಬದಲಿಸಿದರು" ಎಂಬ ಉತ್ತರಕ್ಕೆ ಇರುವ ತೂಕ ನಮ್ಮ ನಿಮ್ಮ ಉಪದೇಶಕ್ಕಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದರಿಂದ ಹೊರಬಂದವರಿದ್ದಾರೆ ಎಂಬುದಕ್ಕೆ ಕಣ್ಣೆದುರಿಗೆ ಸಾಕ್ಷಿ ಸಿಗುತ್ತದೆ.

ಸಂಗಾತಿ ಮತ್ತು ಮೆಸೇಜು ಇವೆರಡನ್ನೂ ಒಟ್ಟಿಗೆ ಕೊಟ್ಟರೆ? ಆಲ್ಬರ್ಟಾದ ಎಡ್ಮಂಟನ್‌ನಲ್ಲಿ ಮನೋರೋಗ ವಾರ್ಡಿನಿಂದ ಬಿಡುಗಡೆಯಾದವರ ಮೇಲೆ ಇಂಥ ಒಂದು ಪ್ರಾಯೋಗಿಕ ಅಧ್ಯಯನ ರೂಪಿಸಿದ ರೀತಿ ಪಾಠ ಹೇಳುವಂತಿದೆ: ಸಂಗಾತಿ ಮಾತ್ರ, ಮೆಸೇಜು ಮಾತ್ರ, ಎರಡೂ, ಎರಡೂ ಇಲ್ಲದ ಮಾಮೂಲು ಚಿಕಿತ್ಸೆ ಎಂದು ನಾಲ್ಕು ಗುಂಪು. ಯಾವುದರ ಪಾಲು ಎಷ್ಟು ಎಂದು ಬಿಡಿಸಿ ನೋಡಲು ನಾಲ್ಕು ಬೇಕೇ ಬೇಕು. ನಿಮ್ಮ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಬೆಳಕು ಮತ್ತು ನೀರು ಕೊಟ್ಟು, ಕೊಡದೆ, ನಾಲ್ಕು ಕುಂಡ ಇಡುವುದಿಲ್ಲವೇ, ಹಾಗೆ.

ನಮ್ಮಲ್ಲಿ? ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ರೋಗಿಯ ಊರಿಗೆ ಹತ್ತಿರ ತಂದಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಗುಜರಾತಿನಲ್ಲಿ 2014ರಿಂದ ನಡೆದ ಒಂದು ಯೋಜನೆ ಸರ್ಕಾರಿ ಆಸ್ಪತ್ರೆಗಳಲ್ಲಿ ಅನುಭವಿ ಸಂಗಾತಿಗಳನ್ನು ತೊಡಗಿಸಿಕೊಂಡಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಬಿಡುಗಡೆಯ ಮೊದಲೇ ರೋಗಿ ಮತ್ತು ಅವರನ್ನು ನೋಡಿಕೊಳ್ಳುವವರ ಜೊತೆ ಮಾತನಾಡಿ ಮುಂದಿನ ಯೋಜನೆ ಮಾಡಬೇಕೆಂದು ಹೇಳುತ್ತದೆ. ನಮಗೆ ಕರೆ ಮಾಡಿದ ಆ ತಾಯಿ ಕೇಳಿದ್ದು ಔದಾರ್ಯವನ್ನಲ್ಲ, ಕಾನೂನಿನಲ್ಲಿ ಬರೆದಿರುವುದನ್ನು. ಮನೆಯವರು ಡಿಸ್ಚಾರ್ಜ್ ದಿನವೇ ಇದನ್ನು ಕೇಳಿ ಪಡೆಯಬಹುದು.

ಈಗ ನಿಮ್ಮ ಪಾಲಿನ ಮಾತು. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವನೊಬ್ಬ ಎರಡನೇ ವರ್ಷದಲ್ಲಿ ಹೀಗೆ ಆಸ್ಪತ್ರೆ ಸೇರಿ, ಒಂದೂವರೆ ತಿಂಗಳ ಮೇಲೆ ಮರಳಿದ. ಕೈ ಸ್ವಲ್ಪ ನಡುಗುತ್ತಿತ್ತು. ಮೆಸ್ಸಿನಲ್ಲಿ ಅವನ ಮುಂದೆ ಕೂರಲು ಎಲ್ಲರೂ ಹಿಂಜರಿದರು, ನಾನೂ. ಏನಾದರೂ ತಪ್ಪು ಮಾತನಾಡಿಬಿಟ್ಟರೆ ಎಂಬ ಭಯವೇ ಹೊರತು ಬೇರೆ ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ಮೂರನೇ ವಾರ ಅವನು ಟ್ರಂಕು ಕಟ್ಟಿಕೊಂಡು ಊರಿಗೆ ಹೋದ, ಪರೀಕ್ಷೆಗೆ ಬರಲಿಲ್ಲ. ಅವನ ವಿಳಾಸ ನನ್ನ ನೋಟ್‌ಬುಕ್ಕಿನಲ್ಲಿತ್ತು. ಒಂದು ಕಾರ್ಡು ಬರೆಯಬೇಕು ಎಂದುಕೊಳ್ಳುತ್ತಲೇ ಪದವಿ ಮುಗಿಯಿತು. ಮೋಟೊ ಅವರ ಅಧ್ಯಯನವನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಆ ವಿಳಾಸ.

ನಿಮ್ಮ ಗೆಳೆಯನೋ ಗೆಳತಿಯೋ ಹಾಗೆ ಮರಳಿದರೆ ನೀವು ಅನುಭವಿ ಸಂಗಾತಿಯಾಗಲಾರಿರಿ, ಅದಕ್ಕೆ ಅನುಭವವೂ ತರಬೇತಿಯೂ ಬೇಕು. ಆದರೆ ಮೆಸೇಜು ಕಳುಹಿಸಬಲ್ಲಿರಿ. "ಗುಣ ಆಯ್ತಾ?", "ಏನಾಗಿತ್ತು?" ಎಂಬವು ಬೇಡ. "ಇವತ್ತು ಟೈಟ್ರೇಶನ್ ಇತ್ತು, ನಂದು ಮೂರು ಸಲವೂ ಕಡುಗೆಂಪಾಯ್ತು, ನಿನ್ನ ನೆನಪಾಯ್ತು ಕಣೋ, ಉತ್ತರ ಬರೀಬೇಕಂತೇನಿಲ್ಲ" ಎಂಬುದು ಸಾಕು. ಉತ್ತರ ಬರದಿದ್ದರೆ ಮುನಿಸಿಕೊಳ್ಳಬೇಡಿ, ಮುಂದಿನ ವಾರ ಇನ್ನೊಂದು ಕಳುಹಿಸಿ. ಅವನ ಮೆಸೇಜನ್ನು ಗುಂಪಿನಲ್ಲಿ ಹಂಚಬೇಡಿ. ಮಾತ್ರೆ ನಿಲ್ಲಿಸು, ಬದಲಿಸು, ಯಾರೋ ಹೇಳಿದ ಪುಡಿ ತಗೋ ಎನ್ನುವ ಗೋಜಿಗೆ ಹೋಗಲೇಬೇಡಿ.

ಒಂದು ಸಂದರ್ಭದಲ್ಲಿ ಮಾತ್ರ ಮೆಸೇಜು ಸಾಲದು. ಬದುಕಿ ಪ್ರಯೋಜನವಿಲ್ಲ, ಇನ್ನು ನಿಮಗೆಲ್ಲ ತೊಂದರೆ ಕೊಡುವುದಿಲ್ಲ ಎಂಬ ಧಾಟಿಯ ಮಾತು ಬಂದರೆ ಕೂಡಲೇ ಫೋನ್ ಮಾಡಿ, ಹಾಗೆ ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಹತ್ತಿರದಲ್ಲಿದ್ದರೆ ಹೋಗಿ ಜೊತೆಗಿರಿ; ಮನೆಯವರಿಗೆ, ವಾರ್ಡನ್‌ಗೆ, ಉಪನ್ಯಾಸಕರಿಗೆ ಹೇಳಿ. ಗುಟ್ಟಾಗಿಡು ಎಂದು ಅವನು ಬೇಡಿಕೊಂಡರೂ ಹೇಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲೂ ರಾತ್ರಿಯೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ರೋಗಿಯ ಮನೆಯವರೂ ಗೆಳೆಯರೂ ಕರೆ ಮಾಡಬಹುದು.

ಈ ವಿಷಯದ ಮೇಲೆ ಮತ್ತೊಂದು ಫೋನ್-ಇನ್ ಕಾರ್ಯಕ್ರಮ ನಡೆಸಲಿದ್ದೇವೆ. ಪ್ರಶ್ನೆಗಳನ್ನು ಮುಂಚಿತವಾಗಿ ಬರೆದೂ ಕಳುಹಿಸಬಹುದು, ಹೆಸರು ಊರು ಓದುವುದಿಲ್ಲ. ಕೊನೆಯ ಕರೆಗೆ ಈ ಸಲ ಎಂಟು ನಿಮಿಷ ತೆಗೆದಿಟ್ಟಿದ್ದೇನೆ.